ಮಕ್ಕಳ ದುಡ್ಡು ಪಂಚಾಯ್ತಿಯಲ್ಲೇ ಇದೆ, ಗ್ರಾಂಟು ಗ್ರಾಂಟು ಅಂತ ಊರೂರು ಅಲೆಯೋದ್ಯಾಕೆ?



ಈ ವಾರ ಭತ್ತದ ಎಲೆ ಸುರುಳಿ ಹುಳದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಅಕ್ಟೋಬರ್ 2ಕ್ಕೆ ಇನ್ನು ಹದಿನೈದು ದಿನಾನೂ ಇಲ್ಲ. ಅವತ್ತಿಂದ ಗ್ರಾಮ ಸಭೆಗಳು ಶುರುವಾಗ್ತವೆ, ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಏನು ಸೇರಬೇಕು ಅನ್ನೋದು ಅಲ್ಲೇ ತೀರ್ಮಾನ ಆಗೋದು. ಅಷ್ಟರೊಳಗೆ ಈ ಮಾತು ಹೇಳದಿದ್ರೆ ಆಮೇಲೆ ಹೇಳಿ ಪ್ರಯೋಜನ ಇಲ್ಲ.

ನಮ್ಮ ಕಡೆ ಮೂರ್ನಾಲ್ಕು ಊರಲ್ಲಿ ಈಗ ಒಂದೇ ಸುದ್ದಿ. "ಅಂಗನವಾಡಿ ಸರಿ ಇಲ್ಲ, ನಾವೇ ಟ್ರಸ್ಟ್ ಮಾಡಿ ಚಿಕ್ಕ ಮಕ್ಕಳಿಗೆ ಶಿಶುವಿಹಾರ ತೆಗೆಯೋಣ, ಕಂಪನಿಯಿಂದ ಗ್ರಾಂಟ್ ತರೋಣ, ಆಗದಿದ್ರೆ ಫಾರಿನ್ ಫಂಡ್ ತರೋಣ" ಅಂತ. ಹುಡುಗರ ಉದ್ದೇಶ ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರ ಬೆನ್ನಿಗೆ ಒಬ್ಬ ಮಧ್ಯವರ್ತಿ ಬಿದ್ದಿದ್ದಾನೆ. ಪ್ರಾಜೆಕ್ಟ್ ರಿಪೋರ್ಟ್ ಬರ್ಕೊಡ್ತೀನಿ, ಕಂಪನಿಯವರ ಪರಿಚಯ ಇದೆ, ಮೊದಲು ಮೂವತ್ತು ಸಾವಿರ ಕೊಡಿ, ಗ್ರಾಂಟ್ ಬಂದ ಮೇಲೆ ನೂರಕ್ಕೆ ಹತ್ತು ಕೊಡಿ ಅಂತಾನೆ. ಮನೆಗೆ ಐನೂರು ರೂಪಾಯಿ ಎತ್ತೋಕೆ ರಸೀದಿ ಪುಸ್ತಕಾನೂ ಅಚ್ಚಾಗಿದೆ.

ನಾನು ನೇರವಾಗಿ ಹೇಳ್ತೀನಿ. ಆ ಐನೂರು ಕೊಡಬೇಡಿ. ನಮ್ಮ ಚಿಕ್ಕ ಮಕ್ಕಳಿಗೆ ಬೇಕಾದ ದುಡ್ಡಿಗೆ ಕಾನೂನಲ್ಲಿ ದಾರಿ ಆಗ್ಲೇ ಇದೆ, ಅದು ನಮ್ಮ ಪಂಚಾಯ್ತಿ ಬಾಗಿಲಲ್ಲೇ ಹಾದು ಹೋಗುತ್ತೆ. ಕೇಳೋರಿಲ್ಲ ಅಂತ ಅದು ಸಿಸಿ ರಸ್ತೆ, ಮಹಾದ್ವಾರ, ಹೈಮಾಸ್ಟ್ ದೀಪದ ಕಡೆ ತಿರುಗ್ತಿದೆ. ನಾಲೆ ನೀರು ನಮ್ಮ ಗದ್ದೆ ಪಕ್ಕದಲ್ಲೇ ಹರೀತಿರುವಾಗ ತೂಬು ಎತ್ತೋದು ಬಿಟ್ಟು ಟ್ಯಾಂಕರ್‌ಗೆ ದುಡ್ಡು ಕಟ್ಟೋ ಕೆಲಸ ಇದು.

ಮೊದಲು ಆ ಗ್ರಾಂಟ್ ಕಥೆ ನೋಡೋಣ

ಕಂಪನಿ ಗ್ರಾಂಟ್ ಅಂದ್ರೆ ಸಿಎಸ್ಆರ್ ಹಣ. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, ಇಲ್ಲಾ 1,000 ಕೋಟಿ ವಹಿವಾಟು, ಇಲ್ಲಾ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಯಾವುದಾದರೂ ಒಂದು ಇರೋ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ಅಪೌಷ್ಟಿಕತೆ, ಶಿಕ್ಷಣ ಎರಡೂ ಆ ಪಟ್ಟಿಯಲ್ಲಿವೆ. ಇಲ್ಲಿವರೆಗೆ ಮಧ್ಯವರ್ತಿ ಹೇಳಿದ್ದು ನಿಜ.

ಅವನು ಹೇಳದೇ ಇರೋದು ಏನು ಅಂದ್ರೆ, ಕಂಪನಿಯವರು ಕಂಡೋರ ಟ್ರಸ್ಟ್‌ಗೆಲ್ಲಾ ದುಡ್ಡು ಕೊಡೋ ಹಾಗಿಲ್ಲ. ಹೊರಗಿನ ಟ್ರಸ್ಟ್ ಆದ್ರೆ ಇನ್‌ಕಮ್ ಟ್ಯಾಕ್ಸ್‌ನ 12ಎ, 80ಜಿ ನೋಂದಣಿ ಇರಬೇಕು, ಅಂಥದ್ದೇ ಕೆಲಸ ಮಾಡಿದ ಮೂರು ವರ್ಷದ ಅನುಭವ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ಅನ್ನೋ ಫಾರಂ ತುಂಬಿ ನಂಬರ್ ಪಡೆದಿರಬೇಕು. ಈ ತಿಂಗಳು ಹುಟ್ಟೋ ಟ್ರಸ್ಟ್‌ಗೆ ಮೂರು ವರ್ಷದ ಅನುಭವ ಎಲ್ಲಿಂದ ಬರುತ್ತೆ? ಅಲ್ಲೀವರೆಗೆ ಮಕ್ಕಳು ಏನು ಮಾಡಬೇಕು? ಈಗ ಮೂರು ವರ್ಷದ ಮಗು ಅಷ್ಟೊತ್ತಿಗೆ ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತಿರುತ್ತೆ.

ಸರಿ, ಹೇಗೋ ಸಿಕ್ತು ಅಂದ್ಕೊಳ್ಳಿ. ಎಷ್ಟು ದಿನ? ಸಿಎಸ್ಆರ್ ನಿಯಮದಲ್ಲೇ ಇದೆ, ಮುಂದುವರಿಯೋ ಯೋಜನೆ ಅಂದ್ರೆ ಶುರುವಾದ ವರ್ಷ ಬಿಟ್ಟು ಮೂರು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಹೊಸದಾಗಿ ಕೇಳಬೇಕು, ಕೊಟ್ರೆ ಉಂಟು ಇಲ್ಲದಿದ್ರೆ ಇಲ್ಲ. ನಮ್ಮ ಹತ್ತಿರದ ಒಂದು ಊರಲ್ಲಿ ಇದು ಆಗಿದೆ. ಕಂಪನಿಯವರು ಬಂದ್ರು, ಗೋಡೆಗೆ ಬಣ್ಣ ಬಳಿದ್ರು, ಬಣ್ಣದ ಕುರ್ಚಿ ಕೊಟ್ರು, ಕಂಪನಿ ಹೆಸರಿರೋ ಬ್ಯಾಗ್ ಹಂಚಿದ್ರು, ಇಬ್ಬರು ಹುಡುಗೀರನ್ನ ಸಂಬಳಕ್ಕೆ ಇಟ್ರು. ದುಡ್ಡು ನಿಂತ ತಿಂಗಳು ಆ ಹುಡುಗೀರು ಮನೆಗೆ ಹೋದ್ರು. ಈಗ ಆ ರೂಮಲ್ಲಿ ಮೆಕ್ಕೆಜೋಳದ ಚೀಲ ಇದೆ. ಇನ್ನೂ ಬೇಜಾರು ಏನು ಅಂದ್ರೆ, ಅದು ನಡೀತಿದ್ದಾಗ ಅಂಗನವಾಡಿಯಲ್ಲಿ ಮಕ್ಕಳ ಸಂಖ್ಯೆ ಇಳೀತು. ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಫಾರಿನ್ ಫಂಡ್ ಮಾತಂತೂ ಬಿಟ್ಟೇಬಿಡಿ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು. ಮೂರು ವರ್ಷ ಹಳೇ ಸಂಸ್ಥೆ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ಖರ್ಚು ಮಾಡಿ ತೋರಿಸಬೇಕು. ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ತೆಗೆಯಬೇಕು. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆಗೆ ಬಂದ ವಿದೇಶಿ ಹಣಾನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೂ ಇಲ್ಲ. "ನಮ್ಮ ದೊಡ್ಡ ಸಂಸ್ಥೆಗೆ ಬರುತ್ತೆ, ನಿಮಗೆ ಹಂಚ್ತೀವಿ" ಅಂತ ಯಾರಾದ್ರೂ ಅಂದ್ರೆ ಒಂದು ಲೋಟ ಟೀ ಕೊಟ್ಟು ಕಳಿಸಿ.

ಹಾಗಾದ್ರೆ ದುಡ್ಡು ಎಲ್ಲಿದೆ?

2025ರ ಅಕ್ಟೋಬರ್ 2ಕ್ಕೆ ಅಂಗನವಾಡಿ ಯೋಜನೆಗೆ ಸರಿಯಾಗಿ 50 ವರ್ಷ ತುಂಬಿತು. 1975ರಲ್ಲಿ ದೇಶದ 33 ಕಡೆ ಪ್ರಾಯೋಗಿಕವಾಗಿ ಇದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, 100 ಅಂಗನವಾಡಿಯಿಂದ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಇವೆ. ಇಡೀ ರಾಜ್ಯಕ್ಕೆ ದಾರಿ ತೋರಿಸಿದ ಸೀಮೆಯವರು ನಾವು, ಈಗ ಮಧ್ಯವರ್ತಿ ಮುಂದೆ ಕೈ ಕಟ್ಟಿ ನಿಂತಿದ್ದೀವಿ.

ಇದು ಯಾರೋ ಕೊಡೋ ದಾನ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಅಂಗನವಾಡಿ ಮೂಲಕ ಉಚಿತ ಆಹಾರ ಹಕ್ಕು. ಮೂರರಿಂದ ಆರು ವರ್ಷದ ಮಗುವಿಗೆ ಬೆಳಗ್ಗೆ ತಿಂಡಿ, ಮಧ್ಯಾಹ್ನ ಬಿಸಿ ಊಟ, 2013ರಲ್ಲಿ ಕಾಯ್ದೆ ಬಂದಾಗ ಎರಡೂ ಸೇರಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೊಟೀನ್ ಅಂತ ಇತ್ತು. ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಇನ್ನೊಂದು ಆದೇಶ ಮಾಡಿದೆ. ಆರು ವರ್ಷದೊಳಗಿನ 40 ಮಕ್ಕಳಿರೋ ಯಾವ ಊರು, ಕೇರಿ, ಹಾಡಿಯಲ್ಲಿ ಅಂಗನವಾಡಿ ಇಲ್ವೋ, ಅಲ್ಲಿಯ ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಅಂತ. ನಮ್ಮ ಸುತ್ತಮುತ್ತ ದೂರ ಇರೋ ಎಷ್ಟು ಕೇರಿ, ಎಷ್ಟು ಹಾಡಿಯವರಿಗೆ ಇದು ಗೊತ್ತು?

ಈಗ ಕಟ್ಟಡಕ್ಕೆ ಬನ್ನಿ. ಅಂಗನವಾಡಿ ಕಟ್ಟಡಕ್ಕೆ ಕೇಂದ್ರ ಹಾಕಿದ್ದ ಲೆಕ್ಕ 12 ಲಕ್ಷ. ನರೇಗಾದಿಂದ 8 ಲಕ್ಷ, 15ನೇ ಹಣಕಾಸು ಆಯೋಗದ ಹಣದಿಂದ ಇಲ್ಲಾ ಬೇರೆ ಅನಿರ್ಬಂಧಿತ ಹಣದಿಂದ 2 ಲಕ್ಷ, ಉಳಿದ 2 ಲಕ್ಷ ಮಹಿಳಾ ಮತ್ತು ಮಕ್ಕಳ ಇಲಾಖೆಯಿಂದ. ಶೌಚಾಲಯಕ್ಕೆ 36 ಸಾವಿರ, ಕುಡಿಯೋ ನೀರಿಗೆ 17 ಸಾವಿರ ಬೇರೆ ಇದೆ. ಗಮನ ಇಟ್ಟು ನೋಡಿ, 12ರಲ್ಲಿ 8 ಲಕ್ಷದ ಕೀಲಿ ಇದ್ದದ್ದು ನರೇಗಾ ಕ್ರಿಯಾ ಯೋಜನೆಯಲ್ಲಿ. ಅದನ್ನ ಮಾಡೋದು ಯಾರು? ಗ್ರಾಮ ಪಂಚಾಯ್ತಿ. ಒಪ್ಪಿಗೆ ಕೊಡೋದು ಯಾರು? ಗ್ರಾಮ ಸಭೆ. ಅಂದ್ರೆ ನೀವು, ನಾನು.

ಪಂಚಾಯ್ತಿಗೆ ಬರ್ತಿದ್ದ 15ನೇ ಹಣಕಾಸು ಆಯೋಗದ ಹಣದಲ್ಲಿ ನೂರಕ್ಕೆ 60 ನೀರು, ನೈರ್ಮಲ್ಯಕ್ಕೆ ಮೀಸಲಿತ್ತು. ಅಂಗನವಾಡಿಯ ನಲ್ಲಿ, ಶೌಚಾಲಯ ಅದರಲ್ಲೇ ಆಗ್ತಿತ್ತು. ಉಳಿದ 40 ಅನಿರ್ಬಂಧಿತ ಆಗಿತ್ತು. ಸಂಬಳ, ಆಫೀಸ್ ಖರ್ಚು ಬಿಟ್ಟು ಸಂವಿಧಾನದ 11ನೇ ಅನುಸೂಚಿಯಲ್ಲಿರೋ 29 ವಿಷಯಗಳಲ್ಲಿ ಯಾವುದಕ್ಕೆ ಬೇಕಾದರೂ ಬಳಸಬಹುದಿತ್ತು. ಆ ಪಟ್ಟಿಯಲ್ಲಿ 25ನೇದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ಪಂಚಾಯ್ತಿಯ ಅಭಿವೃದ್ಧಿ ಯೋಜನೆಗೆ ಕೊಟ್ಟಿರೋ ಒಂಬತ್ತು ಗುರಿಗಳಲ್ಲಿ 'ಮಕ್ಕಳ ಸ್ನೇಹಿ ಗ್ರಾಮ' ಅನ್ನೋದೂ ಒಂದು. ಮಾಳಿಗೆ ಸೋರೋದು ನಿಲ್ಲಿಸೋಕೆ, ಬೇಲಿ ಹಾಕೋಕೆ, ಪಾತ್ರೆ, ಆಟಿಕೆ, ಚಾಪೆಗೆ ಇದಕ್ಕಿಂತ ಸಲೀಸಾದ ದುಡ್ಡು ಇಲ್ಲ. 15ನೇ ಆಯೋಗದ ಅವಧಿ 2025-26ಕ್ಕೆ ಮುಗೀತು. ಮುಂದೆ ಯಾವ ಆಯೋಗದ ಹಣ ಬಂದ್ರೂ ಕೇಳದೇ ಇರೋ ಊರಿಗೆ ಸಿಗೋದು ಮಹಾದ್ವಾರನೇ.

ಇವೆಲ್ಲಾ ಸಾಲದು ಅಂದ್ರೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಗ್ರಾಮ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10 ಸಾವಿರ ಅನಿರ್ಬಂಧಿತ ಹಣ ಅಂತ ಇದೆ. ಹತ್ತು ಸಾವಿರ ಚಿಕ್ಕದು ಅನ್ನಬೇಡಿ, ತೂಕದ ಯಂತ್ರ ರಿಪೇರಿ ಇಲ್ಲದೆ ಮೂಲೆಗೆ ಬಿದ್ದಿರೋ ಕಡೆ ಅದೇ ದೊಡ್ಡದು.

ಇದು ನಮ್ಮ ಗದ್ದೆ ವಿಷಯಾನೂ ಹೌದು

"ನಮ್ಮ ಮಕ್ಕಳು ವ್ಯಾನಲ್ಲಿ ಕಾನ್ವೆಂಟಿಗೆ ಹೋಗ್ತಾರೆ, ಅಂಗನವಾಡಿ ನಮಗ್ಯಾಕೆ" ಅಂತ ಅನೇಕರು ಅಂದ್ಕೊಂಡಿದ್ದೀರಿ. ಸರಿ. ನಿಮ್ಮ ಗದ್ದೆ ನಾಟಿ ಮಾಡಿದೋರು ಯಾರು? ಈ ಜುಲೈ, ಆಗಸ್ಟ್‌ನಲ್ಲಿ ಹೆಣ್ಣಾಳು ಸಿಗದೆ ಒಟ್ಲಲ್ಲಿ ಪೈರು ಬಲಿತು ಹೋಗಿದ್ದು ಎಷ್ಟು ಜನಕ್ಕೆ? ಆಳು ಸಿಗಲ್ಲ ಅಂತ ಬೈತೀವಿ. ಬರೋಕೆ ಆಗದೇ ಇದ್ದ ಅಮ್ಮಂದಿರನ್ನ ಯಾಕೆ ಅಂತ ಯಾರಾದ್ರೂ ಕೇಳಿದ್ರಾ? ಒಂದೂವರೆ ವರ್ಷದ ಮಗೂನ ಯಾರ ಕೈಗೆ ಕೊಟ್ಟು ಬರಬೇಕು?

ಬರೋರು ಬದುವಿನ ಮೇಲೆ, ಹೊಂಗೆ ಮರದ ಕೆಳಗೆ ಸೀರೆ ಜೋಲಿ ಕಟ್ಟಿ ಮಲಗಿಸ್ತಾರೆ. ಪಕ್ಕದಲ್ಲಿ ನಾಲೆ ತುಂಬಿ ಹರೀತಿರುತ್ತೆ. ಹಾವಿನ ಭಯ ಬೇರೆ. ಕಾವಲಿಗೆ ಯಾರು? ಏಳೆಂಟು ವರ್ಷದ ಅಕ್ಕ, ಸ್ಕೂಲ್ ಬಿಟ್ಟು. ಇಬ್ಬರು ಮಕ್ಕಳದ್ದೂ ಹಾಳು.

ಅಂಗನವಾಡಿಯಲ್ಲಿ ಕೂರಿಸಿ ಕಲಿಸೋದು ಮೂರು ವರ್ಷ ತುಂಬಿದೋರಿಗೆ. ಮೂರು ವರ್ಷದೊಳಗಿನ ಮಗುವಿಗೆ ಮನೆಗೆ ಪೊಟ್ಟಣ ಕೊಟ್ಟು ಕಳಿಸ್ತಾರೆ, ಮಗೂನ ನೋಡ್ಕೊಳ್ಳಲ್ಲ. ಇದಕ್ಕೇ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಅಂತ ಮಾಡಿದ್ದು, ನರೇಗಾ ಕೂಲಿ ಹೆಂಗಸರ ಮಕ್ಕಳಿಗಾಗಿ. ನಮ್ಮ ಕಡೆ ಒಂದು ಪಂಚಾಯ್ತಿಯಲ್ಲಿ ಬೋರ್ಡ್ ಇದೆ, ಗೋಡೆ ಮೇಲೆ ಆನೆ, ನವಿಲು ಚಿತ್ರ ಇದೆ, ಬಾಗಿಲಿಗೆ ಬೀಗ ಇದೆ. ಕೇಳಿದ್ರೆ "ಮಕ್ಕಳು ಬರಲ್ಲ" ಅಂತಾರೆ. ನಾಟಿ ಆಳು ಬೆಳಗ್ಗೆ ಏಳೂವರೆಗೇ ಆಟೋ ಹತ್ತುತ್ತೆ. ಹತ್ತು ಗಂಟೆಗೆ ಬಾಗಿಲು ತೆಗೆದ್ರೆ ಮಕ್ಕಳು ಹೇಗೆ ಬರ್ತಾರೆ? ನರೇಗಾ ಕಾಯ್ದೆಯಲ್ಲೂ ಬರೆದಿದ್ರು, ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದ್ರೆ ಅವರನ್ನ ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ಬಿಟ್ಟು ಅವಳಿಗೂ ಅದೇ ಕೂಲಿ ಕೊಡಬೇಕು ಅಂತ. ಕೇಂದ್ರದ 'ಪಾಲನಾ' ಯೋಜನೆಯಲ್ಲಿ ಅಂಗನವಾಡಿ ಜೊತೆಗೇ ಶಿಶುಪಾಲನಾ ಕೇಂದ್ರ ಮಾಡೋ ಅವಕಾಶ ಇದೆ, ಆರು ತಿಂಗಳಿಂದ ಆರು ವರ್ಷದವರಿಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಅದನ್ನ ರಾಜ್ಯ ಕೇಳಿ ತರಬೇಕು. ರಾಜ್ಯ ಕೇಳಬೇಕಾದ್ರೆ ಊರು ಕೇಳಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದ್ದಾರೆ, ಮಗುವಿನ ಮೆದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕಿಂತ ಹೆಚ್ಚು ಆರು ವರ್ಷದೊಳಗೇ ಆಗುತ್ತೆ ಅಂತ. ನಮಗೆ ಇದನ್ನ ಯಾರೂ ಹೇಳ್ಕೊಡಬೇಕಿಲ್ಲ. ಒಟ್ಲಲ್ಲಿ ಸೊರಗಿದ ಪೈರಿಗೆ ಗದ್ದೆಯಲ್ಲಿ ಎಷ್ಟು ಯೂರಿಯಾ ಎರಚಿದ್ರೂ ತೆಂಡೆ ಒಡೆಯಲ್ಲ.

ಆ ಮಗುವಿನ ಊಟಕ್ಕೆ ಸರ್ಕಾರದ ಲೆಕ್ಕ ಎಷ್ಟು ಗೊತ್ತಾ? 2017ರಲ್ಲಿ ನಿಗದಿ ಮಾಡಿದ್ದು ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇರೋ ಮಗುವಿಗೆ 12. ನಿಮ್ಮ ಕರೆಯೋ ಹಸುವಿಗೆ ದಿನಕ್ಕೆ ಎಷ್ಟರ ಹಿಂಡಿ ಹಾಕ್ತೀರಿ, ನೀವೇ ಲೆಕ್ಕ ಹಾಕಿ. ಅಂಗನವಾಡಿ ಟೀಚರ್ ಗೌರವಧನ ಕೇಂದ್ರದ ಲೆಕ್ಕದಲ್ಲಿ 2018ರ ಅಕ್ಟೋಬರ್‌ನಿಂದ 4,500, ಸಹಾಯಕಿಗೆ 2,250. ರಾಜ್ಯ ಮೇಲೆ ಸೇರಿಸಿ ಕೊಡೋದ್ರಿಂದ ಏನೋ ಬದುಕಿದ್ದಾರೆ. ದುಡ್ಡು ಕೇಳಬೇಕಾದ್ದು ಇಲ್ಲಿ, ಈ 8 ರೂಪಾಯಿ ಮೇಲೆ. ಮಧ್ಯವರ್ತಿಗೆ ಕೊಡೋ ಮೂವತ್ತು ಸಾವಿರದ ಸಿಟ್ಟನ್ನ ಇಲ್ಲಿ ತೋರಿಸಿ.

ಬರೋ ಮಾತುಗಳಿಗೆ ಉತ್ತರ

"ಪಂಚಾಯ್ತಿಯಲ್ಲಿ ದುಡ್ಡಿಲ್ಲ." ಹೋದ ವರ್ಷ ಕಟ್ಟಿದ ಮಹಾದ್ವಾರಕ್ಕೆ ಎಲ್ಲಿಂದ ಬಂತು? ಒಳ್ಳೇ ರಸ್ತೆ ಒಡೆದು ಮತ್ತೆ ಕಾಂಕ್ರೀಟ್ ಹಾಕೋಕೆ ಎಲ್ಲಿಂದ ಬಂತು? ರಸ್ತೆ ಬೇಡ ಅಂತ ನಾನು ಹೇಳ್ತಿಲ್ಲ. ಐದು ಕಾಮಗಾರಿಯಲ್ಲಿ ಒಂದು ಮಕ್ಕಳದ್ದಿರಲಿ ಅಂತೀನಿ.

"ಅಂಗನವಾಡಿ ಟೀಚರ್ ಸರಿಯಾಗಿ ಕಲಿಸಲ್ಲ." ಟೀಚರಮ್ಮನ ಕೈಗೆ ಏನೇನು ಹೊರಿಸಿದ್ದೀವಿ ಅಂತ ಒಂದು ದಿನ ಕೂತು ನೋಡಿ. ತೂಕ ಅಳೀಬೇಕು, ಮೊಬೈಲಲ್ಲಿ ಫೋಟೋ ಹಾಕಬೇಕು, ಗರ್ಭಿಣಿ ಬಾಣಂತಿಯರ ಲೆಕ್ಕ ಬರೀಬೇಕು, ಚುನಾವಣೆ ಬಂದ್ರೆ ಮತದಾರರ ಪಟ್ಟಿ ಹಿಡ್ಕೊಂಡು ಓಡಾಡಬೇಕು. ಉಳಿದ ಹೊತ್ತಲ್ಲಿ ಹಾಡು, ಕಥೆ. ಸಹಾಯಕಿ ಹುದ್ದೆ ಖಾಲಿ ಇದ್ರೆ ಅಡುಗೆನೂ ಅವರದ್ದೇ. ಹಾಗಂತ ಕೇಳಲೇಬಾರದು ಅಂತಲ್ಲ. ಬಾಲವಿಕಾಸ ಸಮಿತಿ ಅಂತ ಪ್ರತಿ ಅಂಗನವಾಡಿಗೂ ಇದೆ, ಅದರಲ್ಲಿ ತಂದೆತಾಯಿ ಸದಸ್ಯರು. ನಿಮ್ಮೂರಿನ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಹೇಳಿ ನೋಡೋಣ?

"ಇದು ಹೆಂಗಸರ ವಿಷಯ." ಕೃಷಿ ಹೊಂಡದ ಅರ್ಜಿ, ಟಾರ್ಪಾಲು, ಸ್ಪ್ರಿಂಕ್ಲರ್ ಸಬ್ಸಿಡಿಗೆ ಪಹಣಿ, ಎಫ್‌ಐಡಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರದ ಮುಂದೆ ಬೆಳಗ್ಗೆ ಎಂಟಕ್ಕೇ ಕ್ಯೂ ನಿಲ್ಲೋರು ನಾವು. ಯಾವ ಸ್ಕೀಮಿನಲ್ಲಿ ಎಷ್ಟು ಪರ್ಸೆಂಟ್ ಅಂತ ಬಾಯಿಪಾಠ ಇದೆ. ಅದೇ ಜಾಣತನದಲ್ಲಿ ಹತ್ತರಲ್ಲಿ ಒಂದು ಪಾಲು ಮಕ್ಕಳಿಗೆ ಖರ್ಚು ಮಾಡಿದ್ರೆ ಸಾಕು.

"ಹಾಗಾದ್ರೆ ಕಂಪನಿ ದುಡ್ಡು ಬೇಡ್ವಾ?" ಬೇಕು, ಒಂದೇ ಸಲ ಮುಗಿಯೋ ಕೆಲಸಕ್ಕೆ. ಸೋಲಾರ್, ನೀರು ಶುದ್ಧೀಕರಣದ ಯಂತ್ರ, ಮೇಜು, ಆಟದ ಸಾಮಾನು. ಪಂಚಾಯ್ತಿ ಮೂಲಕ, ಇಲಾಖೆ ಒಪ್ಪಿಗೆ ಪಡೆದು, ಇರೋ ಅಂಗನವಾಡಿಗೇ ಕೊಡಲಿ. ಕಾರ್ಖಾನೆ ಇರೋ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ, ಅದನ್ನ ಹೇಳಿ ಕೇಳಿ. ಆದ್ರೆ ದಿನಾ ಬೇಕಾದ ಊಟ, ದಿನಾ ಬರಬೇಕಾದ ಟೀಚರ್, ಇದಕ್ಕೆ ಕಂಪನಿ ಲಾಭ ನಷ್ಟ ನಂಬ್ಕೊಂಡು ಕೂರಬೇಡಿ. ಅದು ಸರ್ಕಾರದ ಹೊಣೆ, ಅದನ್ನ ಅವರ ಹೆಗಲಿಂದ ನಾವೇ ಇಳಿಸಿಬಿಟ್ರೆ ಮತ್ತೆ ಏರಿಸೋಕೆ ಆಗಲ್ಲ.

ಈಗ ಮಾಡಬೇಕಾದ್ದು

1. ಈ ಭಾನುವಾರದೊಳಗೆ ನಿಮ್ಮ ಊರಿನ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಬರೀರಿ. ಮೂರರ ಕೆಳಗೆ ಎಷ್ಟು, ಮೇಲೆ ಎಷ್ಟು, ಕೂಲಿಗೆ ಹೋಗೋ ತಾಯಂದಿರು ಎಷ್ಟು. ಅಂಗನವಾಡಿ ಟೀಚರ್ ಹತ್ರ ಸರ್ವೆ ಪುಸ್ತಕ ಇರುತ್ತೆ, ಮರ್ಯಾದೆಯಿಂದ ಕೇಳಿ, ಕೊಡ್ತಾರೆ. ದೂರದ ಕೇರಿ ಬಿಡಬೇಡಿ.

2. ಅಂಗನವಾಡಿಗೆ ಹೋಗಿ ನೋಡಿ. ಬಾಡಿಗೆನಾ ಸ್ವಂತನಾ, ಮಾಳಿಗೆ, ನೀರು, ಶೌಚಾಲಯ, ಬೇಲಿ. ಒಂದು ಹಾಳೆಯಲ್ಲಿ ಬರೀರಿ, ಫೋಟೋ ತೆಗೀರಿ. ಸ್ವಂತ ಜಾಗ ಇಲ್ಲದಿದ್ರೆ ಕಟ್ಟಡದ ಮಾತು ಮುಂದೆ ಹೋಗಲ್ಲ. ಹಾಗಾಗಿ ಊರಲ್ಲಿ ಗ್ರಾಮಠಾಣಾ ಜಾಗ ಎಲ್ಲಿದೆ ಅಂತ ಮೊದಲೇ ಹುಡುಕಿ ಇಟ್ಕೊಳ್ಳಿ.

3. ವಾರ್ಡ್ ಸಭೆಯಲ್ಲಿ ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಗ್ರಾಮ ಸಭೆಯಲ್ಲಿ ಅದನ್ನ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನ ಓದಿ ಆಮೇಲೆ ಸಹಿ ಹಾಕಿ. ಯಾವ ಕಾಮಗಾರಿ, ಯಾವ ಅನುದಾನದಲ್ಲಿ, ಎಷ್ಟು ಅಂತ ಸ್ಪಷ್ಟ ಇರಲಿ. 'ಅಂಗನವಾಡಿ ಅಭಿವೃದ್ಧಿ' ಅಂತ ಮೊಗಮ್ಮಾಗಿ ಬರೆದ್ರೆ ಕಿಟಕಿಗೆ ಬಣ್ಣ ಹೊಡೆದು ಮುಗಿಸ್ತಾರೆ.

4. ನಿರ್ಣಯದ ನಕಲು ಪಡೆದು ಸಿಡಿಪಿಓ ಆಫೀಸಿಗೆ ಒಂದು, ತಾಲ್ಲೂಕು ಪಂಚಾಯ್ತಿಗೆ ಒಂದು ಕೊಡಿ. ಕೂಸಿನ ಮನೆ ಬೀಗ ಹಾಕಿದ್ರೆ ನಾಟಿ, ಕಳೆ, ಕೊಯ್ಲು ಕಾಲದಲ್ಲಿ ಬೆಳಗ್ಗೆ ಏಳಕ್ಕೇ ತೆಗೆಯಬೇಕು ಅಂತ ಪ್ರತ್ಯೇಕ ನಿರ್ಣಯ ಮಾಡಿಸಿ.

5. ಕೂಲಿ ಮಾಡೋ ಹೆಣ್ಣುಮಕ್ಕಳು ಸಭೆಗೆ ಬರಬೇಕು. ಅವತ್ತು ನಿಮ್ಮ ಗದ್ದೆಗೆ ಕರೀಬೇಡಿ. ಕರೆದೋರು ಅರ್ಧ ದಿನ ಬಿಟ್ಟು ಕಳಿಸಿ, ಕೂಲಿ ಹಿಡೀಬೇಡಿ.

ಇನ್ನೊಂದು ಮಾತು. 2020ರ ಡಿಸೆಂಬರ್‌ನಲ್ಲಿ ನಾವು ಆರಿಸಿದ ಪಂಚಾಯ್ತಿ ಸದಸ್ಯರ ಅವಧಿ ಐದು ವರ್ಷದ್ದು. ಮತ್ತೆ ಕೈ ಮುಗ್ದು ಮನೆ ಬಾಗಿಲಿಗೆ ಬರ್ತಾರೆ. ಆಗ ಚರಂಡಿ, ಬೀದಿ ದೀಪದ ಜೊತೆ ಇದನ್ನೂ ಕೇಳಿ: "ಐದು ವರ್ಷದಲ್ಲಿ ಅಂಗನವಾಡಿಗೆ ಎಷ್ಟು ರೂಪಾಯಿ ಹಾಕಿಸಿದ್ರಿ?" ಉತ್ತರ ಇಲ್ಲದೋರಿಗೆ ನಿಮ್ಮ ಓಟೂ ಇಲ್ಲ ಅನ್ನಿ.

ಟ್ರಸ್ಟ್ ಮಾಡೋಕೆ ಹೊರಟಿರೋ ಹುಡುಗರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ. ನಿಮಗೆ ಓದು ಇದೆ, ಕಂಪ್ಯೂಟರ್ ಬರುತ್ತೆ, ಓಡಾಡೋ ಶಕ್ತಿ ಇದೆ. ಕಂಪನಿ ಗೇಟಿನ ಮುಂದೆ ಕಾಯೋ ಅದೇ ಹೊತ್ತನ್ನ ಪಂಚಾಯ್ತಿ ಕಚೇರಿಯಲ್ಲಿ ಕಾಯಿರಿ. ಮಧ್ಯವರ್ತಿ ಬರ್ಕೊಡೋ ರಿಪೋರ್ಟ್‌ನ ನೀವೇ ಕನ್ನಡದಲ್ಲಿ ಬರೆದು ಗ್ರಾಮ ಸಭೆಗೆ ಕೊಡಿ. ಎಸ್ಸೆಸ್ಸೆಲ್ಸಿ ಓದಿದ ನನ್ನಂಥವನಿಗೆ ಈ ಲೆಕ್ಕ ಅರ್ಥ ಆಗುತ್ತೆ ಅಂದ್ರೆ ಡಿಗ್ರಿ ಮಾಡಿದ ನಿಮಗೆ ಆಗಲ್ವಾ?

ರಸೀದಿ ಪುಸ್ತಕ ಅಚ್ಚಾಗಿದೆ ಅಂತ ಚಿಂತೆ ಬೇಡ. ಹಿಂದಿನ ಬಿಳಿ ಪುಟದಲ್ಲಿ ಮಕ್ಕಳ ಪಟ್ಟಿ ಬರೆಯಬಹುದು.

ನಿಮ್ಮೂರಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು, ಅಂಗನವಾಡಿ ಹೇಗಿದೆ ಅಂತ ಕೆಳಗೆ ಬರೀರಿ. ಅಕ್ಟೋಬರ್ 2ಕ್ಕೆ ಮುಂಚೆ ಎಲ್ಲಾ ಊರಿನದ್ದೂ ಒಟ್ಟು ಮಾಡಿ ಹಾಕ್ತೀನಿ. ಎಲೆ ಸುರುಳಿ ಹುಳ ಜಾಸ್ತಿ ಇರೋರು ಅಲ್ಲೀವರೆಗೆ ಯೂರಿಯಾ ಕೈ ತಡೀರಿ, ಉಳಿದದ್ದು ಮುಂದಿನ ವಾರ.